ಗಡಿಯಾರ ಸುಮೋದ್ದೇ ಇರಲಿ

ಪ್ರಶ್ನೆ: ಸರ್, ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ರಾಣಿ ಚನ್ನಮ್ಮ ವೃತ್ತದ ಸಂಚಾರವನ್ನು ಸುಮೋ ಸಿಮ್ಯುಲೇಟರಿನಲ್ಲಿ (ರಸ್ತೆ ಸಂಚಾರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ) ಕಟ್ಟಿದ್ದೇನೆ. ಯಾವ ಕಡೆ ವಾಹನಗಳ ಸಾಲು ಉದ್ದವಿದೆ ಎಂದು ನೋಡಿ ಹಸಿರು ದೀಪದ ಅವಧಿ ಲೆಕ್ಕ ಹಾಕುವ ಪೈಥಾನ್ ಸ್ಕ್ರಿಪ್ಟ್ ಬೇರೆ ಥ್ರೆಡ್ಡಿನಲ್ಲಿ, ಅಂದರೆ ಸಿಮ್ಯುಲೇಶನ್ ಜೊತೆಜೊತೆಗೇ ಪ್ರತ್ಯೇಕವಾಗಿ, ಓಡುತ್ತದೆ. 5 ಸೆಕೆಂಡಿಗೊಮ್ಮೆ ಲೆಕ್ಕವಾಗಲೆಂದು ಸ್ಲೀಪ್ (ಸ್ಕ್ರಿಪ್ಟನ್ನು ಅಷ್ಟು ಹೊತ್ತು ಕಾಯಿಸುವ ಆದೇಶ) ಹಾಕಿದ್ದೇನೆ. ಲ್ಯಾಬಿನಲ್ಲಿ ಬರುವ ಫಲಿತಾಂಶ ನನ್ನ ಲ್ಯಾಪ್‌ಟಾಪಿನಲ್ಲಿ ಬರುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಸೂತ್ರವನ್ನು ಸದ್ಯಕ್ಕೆ ಮುಟ್ಟಬೇಡಿ, ತಪ್ಪಿರುವುದು ಆ ಸ್ಲೀಪಿನಲ್ಲಿ. ಅದು ಎಣಿಸುವುದು ಗೋಡೆ ಗಡಿಯಾರದ 5 ಸೆಕೆಂಡು. ಸುಮೋ ಎಣಿಸುವುದು ತನ್ನದೇ ಸೆಕೆಂಡು. ವೇಗದ ಯಂತ್ರದಲ್ಲಿ ಅಷ್ಟರೊಳಗೆ ನಿಮ್ಮ ವೃತ್ತದಲ್ಲಿ ಎಷ್ಟೋ ನಿಮಿಷ ಕಳೆದಿರುತ್ತವೆ. ನಿಮ್ಮ ಸ್ಕ್ರಿಪ್ಟ್ ಆಗಲೇ ಕರಗಿಹೋದ ಸಾಲಿಗೆ ಹಸಿರು ಕೊಡುತ್ತಿದೆ.

ಥ್ರೆಡ್ ತೆಗೆದುಬಿಡಿ, ಸ್ಲೀಪನ್ನೂ ತೆಗೆಯಿರಿ. ಟ್ರಾಸಿ (ಸ್ಕ್ರಿಪ್ಟಿನಿಂದ ಸುಮೋವನ್ನು ನಡೆಸುವ ಸಂಪರ್ಕ) ಮೂಲಕ ಶುರುವಾದ ಸುಮೋ, ನೀವು ಸಿಮ್ಯುಲೇಶನ್‌ಸ್ಟೆಪ್ (ಸುಮೋದ ಸಮಯವನ್ನು ಒಂದು ಹೆಜ್ಜೆ ಮುಂದಿಡುವ ಆದೇಶ) ಕರೆಯುವ ತನಕ ನಿಂತಲ್ಲೇ ನಿಂತಿರುತ್ತದೆ. ನಿಮ್ಮ ಲೆಕ್ಕಕ್ಕೆ ಅರ್ಧ ಗಂಟೆ ಹಿಡಿದರೂ ಒಂದು ಸ್ಕೂಟರ್ ಕೂಡ ಕದಲುವುದಿಲ್ಲ. ಆದ್ದರಿಂದ ಎಲ್ಲವೂ ಒಂದೇ ಲೂಪಿನಲ್ಲಿರಲಿ: ಸಾಲಿನ ಉದ್ದ ಓದಿ, ಲೆಕ್ಕ ಹಾಕಿ, ಸಿಗ್ನಲ್‌ಗೆ ಆದೇಶ ಕೊಡಿ, ಆಮೇಲೆ ಒಂದು ಹೆಜ್ಜೆ ಮುಂದಿಡಿ. ನೀವು ಓದುವುದು ಮುಗಿದ ಹೆಜ್ಜೆಯ ಸ್ಥಿತಿ, ನಿಮ್ಮ ಆದೇಶದ ಪರಿಣಾಮ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಆ ಒಂದು ಹೆಜ್ಜೆಯ ಅಂತರ ಸಹಜ, ಅದನ್ನು ದೋಷವೆಂದು ತಿದ್ದಲು ಹೋಗಬೇಡಿ.

5 ಸೆಕೆಂಡಿಗೊಮ್ಮೆ ಲೆಕ್ಕ ಬೇಕೆಂದರೆ ಹೆಜ್ಜೆಗಳನ್ನು ಪೂರ್ಣಾಂಕದಲ್ಲಿ ಎಣಿಸಿ. ಸುಮೋದ ಹೆಜ್ಜೆ ತಾನಾಗಿ 1 ಸೆಕೆಂಡು. ನೀವು ಅದನ್ನು 0.1ಕ್ಕೆ ಇಳಿಸಿದ್ದರೆ 50 ಹೆಜ್ಜೆಗೊಮ್ಮೆ ಲೆಕ್ಕ ಮಾಡಿ. ಪ್ರತಿ ಹೆಜ್ಜೆಗೂ 0.1 ಕೂಡಿಸುತ್ತ ತಾವೇ ಎಣಿಸಿದ ಸಮಯವನ್ನು 5ರಿಂದ ಭಾಗಿಸಿ ಶೇಷ ಸೊನ್ನೆಯೇ ಎಂದು ನೋಡುವವರು ಬಹಳ ಮಂದಿ. ಕಂಪ್ಯೂಟರಿನ ದ್ವಿಮಾನ ಲೆಕ್ಕದಲ್ಲಿ 0.1 ನಿಖರವಾಗಿ ಕೂರುವುದಿಲ್ಲವಾದ್ದರಿಂದ ಆ ಪರೀಕ್ಷೆ ನಡುನಡುವೆ ಕೈಕೊಡುತ್ತದೆ.

ವೃತ್ತದಲ್ಲಿ ಕೂರಿಸುವ ನಿಜವಾದ ಯಂತ್ರಕ್ಕೆ ಲೆಕ್ಕ ಮುಗಿಸಲು 2 ಸೆಕೆಂಡು ಬೇಕಾಗುತ್ತದೆ ಎಂದುಕೊಳ್ಳಿ. ಆ ತಡವನ್ನೂ ಮಾದರಿಯಲ್ಲಿ ತೋರಿಸಬೇಕು, ಆದರೆ ಸ್ಲೀಪಿನಿಂದಲ್ಲ. ಉತ್ತರದ ಜೊತೆಗೆ ಸುಮೋದ ಸಮಯ ಬರೆದಿಡಿ, ಆ ಸಮಯಕ್ಕೆ 2 ಸೆಕೆಂಡು ಸೇರಿದಾಗ ಜಾರಿ ಮಾಡಿ.

ಸೆಟ್‌ಫೇಸ್‌ಡ್ಯುರೇಶನ್ (ಸಿಗ್ನಲ್ಲಿನ ಒಂದು ಹಂತದ ಅವಧಿ ಬದಲಿಸುವ ಆದೇಶ) ಬಳಸುತ್ತಿದ್ದರೆ ಒಂದು ಮಾತು: ಅದು ಈಗ ನಡೆಯುತ್ತಿರುವ ಹಂತದ ಉಳಿದ ಅವಧಿಯನ್ನಷ್ಟೇ ಬದಲಿಸುತ್ತದೆ, ಮುಂದಿನ ಸುತ್ತಿಗೆ ಹಳೆಯ ಅವಧಿಯೇ ವಾಪಸ್.

ಇನ್ನು ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳನ್ನು ನೀವು ಸೇರಿಸಿದ್ದೀರೋ ಇಲ್ಲವೋ ಬರೆದಿಲ್ಲ; ಬೆಳಗಾವಿಯ ಮಾದರಿಗೆ ಅವು ಬೇಕೇ ಬೇಕು. ಅವುಗಳ ಹಿಂದೆ ಸಾಲು ಬೆಳೆದಾಗ, 300 ಸೆಕೆಂಡಿಗಿಂತ ಹೆಚ್ಚು ನಿಂತ ವಾಹನವನ್ನು ಸುಮೋ ತಾನಾಗಿ ಎತ್ತಿ ಮುಂದೆ ಇಡುತ್ತದೆ. ಸಾಲು ಚಿಕ್ಕದಾದದ್ದು ತನ್ನ ಜಾಣತನದಿಂದಲೇ ಎಂದು ಸ್ಕ್ರಿಪ್ಟ್ ನಂಬುತ್ತದೆ. ಟೈಮ್-ಟು-ಟೆಲಿಪೋರ್ಟ್ ಎಂಬ ಆಯ್ಕೆಯ ಮೌಲ್ಯವನ್ನು -1 ಮಾಡಿದರೆ ಈ ಎತ್ತಾಟ ನಿಲ್ಲುತ್ತದೆ.

ಎಲ್ಲ ತಿದ್ದಿದ ಮೇಲೆ ಎರಡು ಸಲ ಓಡಿಸಿ, ಒಮ್ಮೆ ಪರದೆಯ ಡಿಲೇ (ಹೆಜ್ಜೆಹೆಜ್ಜೆಯ ನಡುವೆ ಪರದೆ ಕಾಯುವ ಹೊತ್ತು) ಸೊನ್ನೆ ಇಟ್ಟು, ಇನ್ನೊಮ್ಮೆ ಹೆಚ್ಚಿಸಿ. ನೀವಾಗಿ ರ್‍ಯಾಂಡಮ್ ಆಯ್ಕೆ ಹಾಕದಿದ್ದರೆ ಸುಮೋದ ಬೀಜಸಂಖ್ಯೆ (ಅದರ ರ‍್ಯಾಂಡಮ್ ಸಂಖ್ಯೆಗಳು ಹುಟ್ಟುವ ಆರಂಭದ ಸಂಖ್ಯೆ, ಸೀಡ್) ಬದಲಾಗುವುದಿಲ್ಲ, ಹಾಗಾಗಿ ಎರಡೂ ಫಲಿತಾಂಶ ಒಂದೇ ಆಗಿರಬೇಕು. ಬೇರೆ ಬಂದರೆ ಗೋಡೆ ಗಡಿಯಾರ ಇನ್ನೂ ಎಲ್ಲೋ ಕೋಡಿನೊಳಗೆ ಉಳಿದಿದೆ, ಮೊದಲು ಅದನ್ನು ಹುಡುಕಿ.