ಅರ್ಥಿಂಗ್ ಪಾಠಕ್ಕೆ ಹೆದರಿದ ಐಟಿಐ ವಿದ್ಯಾರ್ಥಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಐಟಿಐಯ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದ ಹತ್ತೊಂಬತ್ತರ ತರುಣನನ್ನು ಅವನ ತರಬೇತಿ ಅಧಿಕಾರಿಯವರೇ ನನ್ನ ಬಳಿಗೆ ಕಳುಹಿಸಿದ್ದರು. ಪೈಪಿನೊಳಗೆ ವೈರ್ ಎಳೆಯುವುದರಲ್ಲಿ, ಬೋರ್ಡ್ ಕಟ್ಟುವುದರಲ್ಲಿ ಇಡೀ ತರಗತಿಗೆ ಮುಂದಿದ್ದ ಹುಡುಗ ವೈರಿಂಗ್ ನಿಯಮಗಳ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿದ್ದ. ಕೆಲವು ವಾರಗಳಿಂದ ರಾತ್ರಿ ನಿದ್ದೆಯೂ ಇರಲಿಲ್ಲ. ಮನೆಯವರು ಇದನ್ನು ಓದಿನ ಭಯವೆಂದು ತಿಳಿದಿದ್ದರು.

ಮೊದಲ ಭೇಟಿಯಲ್ಲಿ ಅವನ ಉತ್ತರಪತ್ರಿಕೆಯನ್ನು ಜೊತೆಯಲ್ಲಿ ಕುಳಿತು ನೋಡಿದೆವು. ದೀಪ ಮತ್ತು ಫ್ಯಾನುಗಳ ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟು ಹಾಗೂ 800 ವ್ಯಾಟ್ ಮಿತಿ ಎಂಬುದನ್ನು, ಮನೆಯ ವೈರಿಂಗನ್ನು 500 ವೋಲ್ಟಿನ ಮೆಗ್ಗರಿನಲ್ಲಿ (ವೈರಿನ ಹೊದಿಕೆಯ ತಡೆಯನ್ನು ಅಳೆಯುವ ಉಪಕರಣದಲ್ಲಿ) ಪರೀಕ್ಷಿಸಿದಾಗ ಇನ್ಸುಲೇಷನ್, ಅಂದರೆ ಆ ಹೊದಿಕೆಯ ತಡೆ, ಕನಿಷ್ಠ ಒಂದು ಮೆಗಾಓಮ್ ತೋರಿಸಬೇಕೆಂಬುದನ್ನು ಅವನು ತಪ್ಪಿಲ್ಲದೆ ಬರೆದಿದ್ದ. ಅರ್ಥಿಂಗಿಗೆ, ಅಂದರೆ ಉಪಕರಣದ ಲೋಹದ ಮೈಗೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಗೆ, ಸಂಬಂಧಿಸಿದ ಪ್ರಶ್ನೆಗಳೆಲ್ಲ ಖಾಲಿ ಇದ್ದವು. ನೆನಪಿನ ಶಕ್ತಿ ಕುಂದಿದವನು ಹೀಗೆ ಒಂದೇ ವಿಷಯವನ್ನು ಆರಿಸಿಕೊಂಡು ಮರೆಯುವುದಿಲ್ಲ. ಆ ಪಾಠ ನಡೆದ ದಿನ ಏನಾಯಿತೆಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದ.

ರಜೆಯಲ್ಲಿ ಅವನು ವೈರಿಂಗ್ ಕೆಲಸ ಹಿಡಿಯುವ ಸೋದರಮಾವನ ಕೈಕೆಳಗೆ ದುಡಿಯುತ್ತಿದ್ದ. ಒಂದು ಮನೆಯಲ್ಲಿ ವಾಷಿಂಗ್ ಮಷೀನಿನ ತ್ರೀ ಪಿನ್ ಸಾಕೆಟ್ಟಿಗೆ ಅರ್ಥ್ ವೈರ್ ಬಂದಿರಲಿಲ್ಲ. ಗೋಡೆ ಒಡೆಯುವುದು ಬೇಡವೆಂದು ಮಾವ ನ್ಯೂಟ್ರಲ್‌ನಿಂದ (ವಿದ್ಯುತ್ ಮರಳಿ ಹೋಗುವ ವೈರಿನಿಂದ) ಅರ್ಥ್ ಪಿನ್ನಿಗೆ ತುಂಡು ವೈರ್ ಕೊಡಲು ಹೇಳಿದರು, ಇವನು ಕೊಟ್ಟ. ಹೀಗೆ ಜೋಡಿಸಿದಾಗ ಮಷೀನು ಎಂದಿನಂತೆ ಓಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಿಯಾದರೂ ಕಡಿದುಹೋದರೆ, ಮನೆಯಲ್ಲಿ ಉರಿಯಲು ಹಾಕಿದ ಒಂದು ಬಲ್ಬಿನ ಮೂಲಕವೇ ಮಷೀನಿನ ಲೋಹದ ಮೈಗೆ ವಿದ್ಯುತ್ ಹರಿಯುತ್ತದೆ. ಲೈನ್ ರಿಪೇರಿಯಲ್ಲಿ ಫೇಸ್ (ವಿದ್ಯುತ್ ತರುವ ವೈರ್) ಮತ್ತು ನ್ಯೂಟ್ರಲ್ ಅದಲುಬದಲಾದರೆ ಆ ಮೈ ನೇರವಾಗಿ 230 ವೋಲ್ಟಿಗೆ ಸಿಕ್ಕಿಕೊಳ್ಳುತ್ತದೆ. ಒದ್ದೆ ನೆಲದಲ್ಲಿ ನಿಂತು ಅದನ್ನು ಮುಟ್ಟಿದವರ ದೇಹದಲ್ಲಿ ಹರಿಯುವ ಹತ್ತಾರು ಮಿಲಿಆಂಪಿಯರ್ ಪ್ರಾಣ ತೆಗೆಯಲು ಸಾಕು, 16 ಆಂಪಿಯರಿನ ಎಂಸಿಬಿ (ಹೆಚ್ಚು ವಿದ್ಯುತ್ ಹರಿದಾಗ ತಾನಾಗಿ ಆಫ್ ಆಗುವ ಸ್ವಿಚ್) ಅಷ್ಟಕ್ಕೆ ಬೀಳುವುದಿಲ್ಲ. ಇದನ್ನು ತರಗತಿಯಲ್ಲಿ ಕೇಳಿದ ದಿನದಿಂದ ಆ ಮನೆಯ ಚಿಕ್ಕ ಮಕ್ಕಳು ಅವನ ಕಣ್ಣ ಮುಂದೆ ಬರುತ್ತಿದ್ದರು.

ಇಲ್ಲಿ ನಾನು ಮೊದಲು ತೀರ್ಮಾನಿಸಿದ್ದು ಸಾಕೆಟ್ಟಿನ ವಿಷಯವನ್ನು. ಬೇರೆಯವರ ಪ್ರಾಣಕ್ಕೆ ಅಪಾಯವಿರುವಾಗ, ಅವನ ಮನಸ್ಸು ಸಮಾಧಾನಗೊಳ್ಳುವವರೆಗೆ ಕಾಯುತ್ತ ಕೂರುವುದು ಆಪ್ತಸಲಹೆಯಾಗುವುದಿಲ್ಲ. ನನ್ನ ಎದುರಿನಲ್ಲಿಯೇ ಆ ಮನೆಗೆ ಫೋನು ಮಾಡಿ, ಸಾಕೆಟ್ ಸರಿಪಡಿಸುವವರೆಗೆ ಅದನ್ನು ಬಳಸಬಾರದು, ಕಾರಣವನ್ನು ಬಂದು ಹೇಳುತ್ತೇನೆ ಎಂದು ತಿಳಿಸಲು ಸೂಚಿಸಿದೆ. ಅವನ ಕೈ ನಡುಗುತ್ತಿದ್ದರೂ ಹೇಳಿ ಮುಗಿಸಿದ.

ಮಾವನಿಗೆ ಹೇಳುವುದು ಇದಕ್ಕಿಂತ ಕಷ್ಟವಾಗಿತ್ತು, ಏಕೆಂದರೆ ತಂದೆ ಇಲ್ಲದ ಆ ಹುಡುಗನ ಓದಿನ ಖರ್ಚು ನೋಡಿಕೊಂಡವರು ಅವರೇ. ಅವರನ್ನು ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಿಸದೆ, "ಮಾವ, ನಾನು ಹಾಕಿದ ವೈರು ಅಪಾಯದ್ದು ಅಂತ ಈಗ ತಿಳಿಯಿತು, ಸರಿಪಡಿಸೋಕೆ ನೀವು ಜೊತೆಗೆ ಬನ್ನಿ" ಎಂದು ತನ್ನ ಕೈಯ ಕೆಲಸದಿಂದಲೇ ಮಾತು ಶುರುಮಾಡುವಂತೆ ಸಲಹೆ ಕೊಟ್ಟೆ. ಅವರು ಒಪ್ಪದಿದ್ದರೆ ತರಬೇತಿ ಅಧಿಕಾರಿಯವರ ನೆರವು ಕೇಳಬೇಕು, ಮತ್ತು ವೈರಿಂಗ್ ಕೆಲಸ ಮಾಡಲು ಬೇಕಾದ ವೈರ್‌ಮನ್ ಪರ್ಮಿಟ್ ಸಿಗುವವರೆಗೆ ಒಬ್ಬನೇ ಯಾರ ಮನೆಯ ವೈರಿಂಗಿಗೂ ಕೈ ಹಾಕಬಾರದು ಎಂದೂ ಹೇಳಿದೆ. ಮಾವ ಮೊದಲು ರೇಗಿದರು, ಇಷ್ಟು ವರ್ಷ ಹೀಗೇ ಮಾಡಿದ್ದೇನೆ, ಯಾರಿಗೇನಾಗಿದೆ ಎಂದರು. ಎರಡು ದಿನ ಬಿಟ್ಟು ತಾವೇ ಹಸಿರು ವೈರಿನ ಸುರುಳಿ ತಂದರು. ಮೀಟರ್ ಬೋರ್ಡಿನ ಅರ್ಥ್‌ನಿಂದ ಸಾಕೆಟ್ಟಿನವರೆಗೆ ಗೋಡೆಯ ಮೇಲೆಯೇ ಪೈಪ್ ಕೂರಿಸಿ ವೈರ್ ಎಳೆದರು. ಆ ಮನೆಯವರು 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ, ಅಂದರೆ ಅಷ್ಟು ವಿದ್ಯುತ್ ಸೋರಿದರೂ ಸಂಪರ್ಕ ಕಡಿಯುವ ಸ್ವಿಚ್ಚನ್ನೂ, ಹಾಕಿಸಿಕೊಂಡರು.

ಓದಿನ ಬಗ್ಗೆ ನಾನು ಹೇಳಿದ್ದು ಕಡಿಮೆ. ಪ್ರತಿಯೊಂದು ನಿಯಮದ ಎದುರಿಗೆ ಅದು ಯಾವ ಅಪಘಾತವನ್ನು ತಡೆಯುತ್ತದೆ ಎಂಬುದನ್ನು ತನ್ನದೇ ಮಾತಿನಲ್ಲಿ ಒಂದು ಸಾಲು ಬರೆಯಬೇಕು. ಸ್ವಿಚ್ಚನ್ನು ಫೇಸ್‌ನಲ್ಲಿಯೇ ಏಕೆ ಹಾಕಬೇಕು ಎಂಬುದಕ್ಕೆ, ಬಲ್ಬ್ ಬದಲಿಸುವವನ ಬೆರಳು ಹೋಲ್ಡರಿಗೆ ತಗಲುವುದನ್ನು ನೆನೆದರೆ ಉತ್ತರ ತಾನಾಗಿ ಬರುತ್ತದೆ. ಇಂಥ ಹುಡುಗರಿಗೆ ಕಲಂಗಳ ಸಂಖ್ಯೆಯನ್ನು ಮೊದಲು ಬಾಯಿಪಾಠ ಮಾಡಿಸುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಸಾಕೆಟ್ ಸರಿಯಾದ ವಾರದಿಂದ ನಿದ್ದೆ ಮರಳಿತು. ಮರುಪರೀಕ್ಷೆ ಇನ್ನೂ ಬರಬೇಕಿದೆ. ಮಾವ ಹಿಂದೆ ಹೀಗೆಯೇ ಜೋಡಿಸಿದ ಬೇರೆ ಮನೆಗಳ ಪಟ್ಟಿಯನ್ನು ಇಬ್ಬರೂ ಕುಳಿತು ಬರೆಯುತ್ತಿದ್ದಾರೆ. ಆ ಮನೆಗಳಿಗೆ ಹೋಗಿ ಏನೆಂದು ಹೇಳಬೇಕು, ಖರ್ಚನ್ನು ಯಾರು ಭರಿಸಬೇಕು ಎಂಬುದು ಮುಂದಿನ ಭೇಟಿಯ ವಿಷಯ, ಅದಕ್ಕೆ ಮಾವನೂ ಬರುವುದಾಗಿ ಒಪ್ಪಿದ್ದಾರೆ.