ಪ್ರೂಫ್ ಹಾಳೆಯ ಮೂಲೆಯ ಸಹಿ

ಪ್ರಶ್ನೆ: ಆಫ್‌ಸೆಟ್ ಮುದ್ರಣಾಲಯವೊಂದರಲ್ಲಿ ಒಂಬತ್ತು ವರ್ಷಗಳಿಂದ ಮೇಲ್ವಿಚಾರಕನಾಗಿದ್ದೇನೆ. ಸಹಕಾರಿ ಸಂಘವೊಂದರ ಮೂರು ಸಾವಿರ ಕ್ಯಾಲೆಂಡರುಗಳಲ್ಲಿ ಸಂಕಷ್ಟಿಯ ತಾರೀಖು ಒಂದು ದಿನ ಹಿಂದಿನದಾಗಿ ಅಚ್ಚಾಗಿದೆ. ನಷ್ಟವನ್ನು ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಹುಡುಗಿಯ ಸಂಬಳದಲ್ಲಿ ಹಿಡಿಯುತ್ತೇನೆ ಎನ್ನುತ್ತಿದ್ದಾರೆ ಮಾಲೀಕರು. ಮದುವೆ ಪತ್ರಿಕೆಗಳ ಗಡಿಬಿಡಿಯಲ್ಲಿ ಪಂಚಾಂಗ ತೆರೆಯದೆ ಪ್ರೂಫ್‌ಗೆ (ಅಚ್ಚಿಗೆ ಮುಂಚಿನ ಕರಡು ಹಾಳೆಗೆ) ಸಹಿ ಹಾಕಿದವನು ನಾನು. ಮಷಿನ್‌ಮನ್‌ಗೆ ಮೊದಲ ಹಾಳೆಗಳಲ್ಲೇ ತಪ್ಪು ಕಂಡಿತ್ತಂತೆ. ಬೈಗುಳಕ್ಕೆ ಹೆದರಿ ಸುಮ್ಮನಿದ್ದನಂತೆ. ನಾನೂ ಸುಮ್ಮನಿರಲೇ?
— ಹೆಸರು ಬೇಡ, ಗದಗ

ಉತ್ತರ: ಬೇಡ. ಇಂದು ಸಂಜೆ ಯಂತ್ರ ನಿಂತ ಮೇಲೆ ಆ ಪ್ರೂಫ್ ಹಾಳೆಯನ್ನೇ ಹಿಡಿದು ಮಾಲೀಕರ ಬಳಿ ಹೋಗಿ. ‘ಈ ಸಹಿ ನನ್ನದು, ಪಂಚಾಂಗ ನೋಡಿರಲಿಲ್ಲ’ ಎನ್ನಿ. ಮದುವೆ ಪತ್ರಿಕೆಗಳ ಕಥೆ ಅವರು ಕೇಳಿದರೆ ಮಾತ್ರ ಹೇಳಿ. ಕೆಲಸಗಾರರ ವಿವರಣೆ ಕೇಳದೆ ನಷ್ಟವನ್ನು ಸಂಬಳದಲ್ಲಿ ಮುರಿಯಲು ಕಾನೂನು ಬಿಡುವುದಿಲ್ಲ. ಆದರೂ ಅದನ್ನು ಮೊದಲ ಮಾತಾಗಿ ಎತ್ತಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದವನು ಆ ಮಷಿನ್‌ಮನ್. ಆಗಲೇ ಯಂತ್ರ ನಿಲ್ಲಿಸಿದ್ದರೆ ಹೊಸದೊಂದು ಪ್ಲೇಟಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಹೊಂದಾಣಿಕೆಯಿಂದ ಕೆಲಸ ಮಾಡುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ಮುಚ್ಚಿಡುತ್ತಿರಲಿಲ್ಲ, ಅಷ್ಟೇ. ನಿಮ್ಮಲ್ಲಿ ತಪ್ಪು ಕಂಡವನಿಗೇ ಭಯ. ಆ ಭಯ ಬಿಡಿಸಬೇಕಾದವರು ಮಾಲೀಕರೇ ಸರಿ, ಆದರೆ ಅವರಿಗಿಂತ ಮೊದಲು ನೀವು ಬಾಯಿ ಬಿಡಬಹುದು. ಹಿರಿಯರೇ ಒಪ್ಪಿಕೊಂಡದ್ದನ್ನು ಕಂಡರೆ ಕಿರಿಯರಿಗೂ ಧೈರ್ಯ ಬಂದೀತು.

ತಪ್ಪನ್ನು ಮೆರವಣಿಗೆ ಮಾಡಿ ಎನ್ನುತ್ತಿಲ್ಲ. ಹೊಸ ಕಾಗದ ಹಾಕಿ ನೋಡಿ ಕೆಟ್ಟರೆ ಅದು ಬೇರೆ ಲೆಕ್ಕ. ಪಂಚಾಂಗ ತೆರೆಯದಿದ್ದದ್ದು ಅಜಾಗ್ರತೆಯೇ. (‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಕ್ಯಾಲೆಂಡರಿನ ಅಡಿಯಲ್ಲಿ ಅಚ್ಚು ಮಾಡುವವರೂ ನೀವೇ ಇರಬೇಕು!) ಇನ್ನು ಮುಂದೆ ಒಬ್ಬರು ಪಂಚಾಂಗ ಹಿಡಿದು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ರೂಫ್‌ನಲ್ಲಿ ಗುರುತು ಹಾಕಲಿ. ಅನುಮಾನ ಬಂದರೆ ಯಾರನ್ನೂ ಕೇಳದೆ ಯಂತ್ರ ನಿಲ್ಲಿಸುವ ಅಧಿಕಾರ ಮಷಿನ್‌ಮನ್‌ಗಿರಲಿ.

ನಿಮ್ಮ ಕೆಲಸ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಮುದ್ರಣ ಕಾಶಿ ಎನಿಸಿಕೊಂಡ ನಿಮ್ಮೂರಿನಲ್ಲಿ ಶಾಯಿ ಒಣಗುವ ಮೊದಲೇ ಸುದ್ದಿ ಪಕ್ಕದ ಮುದ್ರಣಾಲಯ ಮುಟ್ಟುತ್ತದೆ. ಹುಡುಗಿಯ ತಲೆಗೆ ಕಟ್ಟಿ ಜಾರಿಕೊಂಡವನೆಂಬ ಸುದ್ದಿಯೂ ಹಾಗೆಯೇ ಮುಟ್ಟುತ್ತದೆ.

ತಪ್ಪಿನ ಮೇಲೆ ಚೀಟಿ ಅಂಟಿಸಿಕೊಡಲು ಸಂಘದವರು ಒಪ್ಪಿದರೆ, ಆ ಮೂರು ಸಾವಿರ ಚೀಟಿಗಳನ್ನು ಹುಡುಗಿಯ ಪಕ್ಕ ಕುಳಿತು ನೀವೂ ಅಂಟಿಸಿ.