ಕಪಾಳಮೋಕ್ಷದಿಂದ ಆಚೆಗೆ ಬರೆಯಿರಿ

ಪ್ರಿಯ ಲೇಖಕರೇ,

ಉತ್ತರ ಐರ್ಲೆಂಡಿನ ಎಡಪಂಥೀಯ ನಾಯಕಿ ಬರ್ನಡೆಟ್ ಡೆವ್ಲಿನ್ ಕುರಿತು ನೀವು ಕಳುಹಿಸಿದ ವ್ಯಕ್ತಿಚಿತ್ರ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಬರಹದ ಅರ್ಧದಷ್ಟು ಜಾಗವನ್ನು ಒಂದೇ ಏಟು ನುಂಗಿದೆ. 1972ರ ಜನವರಿ 31ರಂದು ಬ್ರಿಟಿಷ್ ಸಂಸತ್ತಿನಲ್ಲಿ ಅವರು ಗೃಹಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಕೆನ್ನೆಗೆ ಬಾರಿಸಿದ್ದನ್ನು ‘ಸಿಂಹಿಣಿಯ ಘರ್ಜನೆ’ ಎಂದು ಬಣ್ಣಿಸಿದ್ದೀರಿ. ಏಕೆ ಬಾರಿಸಿದರು ಎಂಬುದೇ ಇಲ್ಲ. ಹಿಂದಿನ ದಿನ ಡೆರಿ ನಗರದಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಗೆ ಬಂದವರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ 13 ಜನರನ್ನು ಕೊಂದಿದ್ದರು. ಬರ್ನಡೆಟ್ ಅಲ್ಲಿದ್ದರು. ಸೈನಿಕರು ಗುಂಡಿಗೆ ಗುಂಡಿನಿಂದಲೇ ಉತ್ತರಿಸಿದರೆಂದು ಮಂತ್ರಿ ಸದನದಲ್ಲಿ ಸಮರ್ಥಿಸಿಕೊಂಡಾಗ, ಎಲ್ಲವನ್ನೂ ಕಣ್ಣಾರೆ ಕಂಡ ಸಂಸದೆಗೆ ಸ್ಪೀಕರ್ ಮಾತನಾಡಲು ಅವಕಾಶವನ್ನೇ ಕೊಡಲಿಲ್ಲ. ಇಷ್ಟನ್ನು ಬರೆಯಿರಿ, ಸಿಂಹಿಣಿಯನ್ನು ಕೈಬಿಡಿ. ಆ ಗೋಲಿಬಾರಿಗೆ ಸಮರ್ಥನೆಯೇ ಇಲ್ಲವೆಂದು ನ್ಯಾಯಾಧೀಶ ಸ್ಯಾವಿಲ್ ಅವರ ವಿಚಾರಣಾ ವರದಿ ಹೇಳಿ, ಬ್ರಿಟಿಷ್ ಪ್ರಧಾನಿ ಕ್ಷಮೆ ಕೇಳಿದ್ದು 2010ರಲ್ಲಿ. ಅದೂ ನಿಮ್ಮ ಬರಹದಲ್ಲಿ ಬರಬೇಕು.

ನನಗೆ ಹೆಚ್ಚು ಬೇಸರವಾದದ್ದು ಬೇರೆಡೆ. ಇಡೀ ಹೋರಾಟವನ್ನು ‘ಕ್ಯಾಥೊಲಿಕ್–ಪ್ರಾಟೆಸ್ಟೆಂಟ್ ಜಗಳ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಸಮಾಜವಾದಿಯಾದ ಬರ್ನಡೆಟ್ ಜೀವಮಾನವಿಡೀ ಒಪ್ಪದ ಮಾತು ಅದು. ಎರಡೂ ಕಡೆಯ ಬಡವರು ಒಂದಾಗಬೇಕೆಂಬುದು ಅವರ ವಾದ. ಜಗಳದ ಬೇರು ಮನೆ ಮತ್ತು ಮತದಾನದ ಹಕ್ಕಿನಲ್ಲಿತ್ತು. ಅಲ್ಲಿನ ಸ್ಥಳೀಯ ಚುನಾವಣೆಗಳಲ್ಲಿ ಮತವಿದ್ದದ್ದು ಮನೆ ಹೊಂದಿದವರಿಗೆ ಮತ್ತು ಅವರ ಸಂಗಾತಿಗೆ. ಹೆತ್ತವರ ಮನೆಯಲ್ಲೇ ಇದ್ದ ವಯಸ್ಕ ಮಕ್ಕಳಿಗೆ, ಕೋಣೆ ಬಾಡಿಗೆ ಹಿಡಿದವರಿಗೆ ಇರಲಿಲ್ಲ. ಸರ್ಕಾರಿ ಮನೆಗಳನ್ನು ಹಂಚುತ್ತಿದ್ದದ್ದೂ ಅದೇ ಚುನಾವಣೆಯಲ್ಲಿ ಗೆದ್ದವರು. ಮನೆ ಕೊಡದಿದ್ದರೆ ಮತವೂ ಹೋಯಿತು. 1968ರಲ್ಲಿ ಕ್ಯಾಲಡನ್ ಎಂಬ ಹಳ್ಳಿಯಲ್ಲಿ ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಿದ್ದಾಗ, 19 ವರ್ಷದ ಅವಿವಾಹಿತ ಪ್ರಾಟೆಸ್ಟೆಂಟ್ ಯುವತಿಗೆ ಹೊಸ ಮನೆ ಸಿಕ್ಕಿತು. ಆಕೆ, ಬ್ರಿಟನ್ನಿನೊಂದಿಗೇ ಉಳಿಯಬೇಕೆನ್ನುತ್ತಿದ್ದ, ಆಗ ಅಲ್ಲಿ ಆಳುತ್ತಿದ್ದ ಯೂನಿಯನಿಸ್ಟ್ ಪಕ್ಷದ ನಂಟಿದ್ದ ವಕೀಲರ ಕಾರ್ಯದರ್ಶಿ. ಈ ಮನೆಯಿಂದ ಬರಹವನ್ನು ಆರಂಭಿಸಿ. ಮರುವರ್ಷ 21ರ ಹರೆಯದ ಮನಶ್ಶಾಸ್ತ್ರದ ವಿದ್ಯಾರ್ಥಿನಿಯೊಬ್ಬರು ಮಿಡ್ ಅಲ್ಸ್ಟರ್ ಕ್ಷೇತ್ರದ ಉಪಚುನಾವಣೆ ಗೆದ್ದು ಸಂಸದೆಯಾದದ್ದು ಹೇಗೆಂದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.

1974ರ ಚುನಾವಣೆಯ ಸೋಲಿನೊಂದಿಗೆ ನೀವು ಪೆನ್ನು ಕೆಳಗಿಟ್ಟಿದ್ದೀರಿ. 1981ರ ಜನವರಿಯಲ್ಲಿ ಬಂದೂಕುಧಾರಿಗಳು ಬರ್ನಡೆಟ್ ಮನೆಗೆ ನುಗ್ಗಿ, ಮಕ್ಕಳು ಒಳಗಿರುವಾಗಲೇ ಗಂಡಹೆಂಡಿರಿಬ್ಬರಿಗೂ ಗುಂಡಿಕ್ಕಿದರು. ಇಬ್ಬರೂ ಬದುಕುಳಿದರು. ಮುಂದೆ ಬರ್ನಡೆಟ್ ಡಂಗ್ಯಾನನ್ ಪಟ್ಟಣದಲ್ಲಿ ವಲಸೆ ಕಾರ್ಮಿಕರ ಪರವಾಗಿ ವರ್ಷಗಟ್ಟಲೆ ದುಡಿದರು. ಕ್ಯಾಮೆರಾಗಳಿಲ್ಲದ ಈ ದುಡಿಮೆಯನ್ನು ಬಿಟ್ಟು ಅವರ ಬದುಕನ್ನು ಬರೆಯಲು ಬರುವುದಿಲ್ಲ.

ಸಂಸದೆಯಾಗಿದ್ದಾಗಲೇ ಅವರು ಅರ್ಮಾ ಜೈಲು ಸೇರಿದ ಭಾಗ ಸೊಗಸಾಗಿದೆ. ಅಲ್ಲಿ ನೀವು ಒಂದೇ ಒಂದು ಹೊಗಳಿಕೆಯ ಪದವನ್ನೂ ಬಳಸಿಲ್ಲ. ಆ ಪುಟವನ್ನು ಮುಟ್ಟಬೇಡಿ. ಉಳಿದದ್ದನ್ನು ಹೊಸದಾಗಿ ಬರೆದು ಕಳುಹಿಸಿ, ಖಂಡಿತ ಓದುತ್ತೇನೆ.

ಸಂಪಾದಕ